ಟವೆಲಿನಡಿಯ ಬೆರಳು

ದನದ ಸಂತೆಯ ವ್ಯಾಪಾರ ನೋಡದವರಿಗಾಗಿ ಮೊದಲು ಅದನ್ನು ಹೇಳಿಬಿಡುತ್ತೇನೆ. ಕೊಳ್ಳುವವನೂ ಮಾರುವವನೂ ಎದುರುಬದುರು ನಿಲ್ಲುತ್ತಾರೆ. ಒಬ್ಬನ ಹೆಗಲ ಮೇಲಿನ ಟವೆಲ್ ಇಬ್ಬರ ಕೈಗಳ ಮೇಲೆ ಬೀಳುತ್ತದೆ. ಅಲ್ಲಿಂದ ಮುಂದೆ ಬಾಯಿಗೆ ಕೆಲಸವಿಲ್ಲ. ಬೆರಳು ಹಿಡಿದರೆ ಒಂದು ಬೆಲೆ, ಗೆಣ್ಣು ಒತ್ತಿದರೆ ಇನ್ನೊಂದು. ಸುತ್ತ ನಿಂತವರಿಗೆ ಟವೆಲ್ ಅಲುಗುವುದು ಕಾಣುತ್ತದೆ, ಒಳಗೆ ಏನು ನಡೆಯಿತೆಂದು ಕಾಣುವುದಿಲ್ಲ. ತನ್ನ ಮನಸ್ಸಿನ ನಿಜವಾದ ಬೆಲೆಯನ್ನು ಯಾರ ಬೆರಳು ಮೊದಲು ಒತ್ತಿತೋ ಅವನು ಸೋತ. ಎತ್ತು ಬೇಕೇಬೇಕು ಅಂತ ಒಳಗೆ ಎಷ್ಟೇ ಒದ್ದಾಟವಿರಲಿ, ಬೆರಳು ಸುಮ್ಮನಿರಬೇಕು. ಮುಖ ಅದಕ್ಕಿಂತ ಸುಮ್ಮನಿರಬೇಕು.

ನಾನು ಇದನ್ನು ಕಲಿತದ್ದು ಅರಸೀಕೆರೆ ಸಂತೆಯಲ್ಲಿ. ಓದು ಏಳನೇ ಕ್ಲಾಸಿಗೆ ನಿಂತಿತ್ತು, ಹೊಟ್ಟೆ ನಿಂತಿರಲಿಲ್ಲ. ಆಮೇಲೆ ದನ ಬಿಟ್ಟು ತೆಂಗಿನಕಾಯಿಗೆ ಬಂದೆ. ಸೈಕಲ್ ತುಳಿದುಕೊಂಡು ಗೆಂಡೆಹಳ್ಳಿ ಕಡೆಯ ತೋಟ ತೋಟ ಸುತ್ತಿ ಕಾಯಿ ಎಣಿಸಿದೆ, ಅಟ್ಟದ ಮೇಲೆ ಒಣಗಿದ ಕೊಬ್ಬರಿಯನ್ನು ಕಿವಿಯ ಹತ್ತಿರ ಅಲುಗಾಡಿಸಿ ಕೊಂಡೆ, ಮಾರಿದೆ. ಈಗ ಅರಸೀಕೆರೆಯಲ್ಲಿ ನನ್ನದೇ ಮಂಡಿ ಇದೆ. ಯಾರ ಹಂಗಿನಲ್ಲೂ ಬೆಳೆದವನಲ್ಲ ಅಂತ ನಾಲ್ಕು ಜನರ ಮುಂದೆ ಹೇಳಿಕೊಳ್ಳುವ ಚಾಳಿ ನನಗಿದೆ. ಈ ಬರಹದಲ್ಲಿ ಮಾತ್ರ ಹಂಗಿನ ಮಾತೇ ಹೆಚ್ಚು ಬರುತ್ತದೆ. ಬರಲಿ ಬಿಡಿ.

ಮಗಳನ್ನು ಮಾದಿಹಳ್ಳಿಗೆ ಕೊಟ್ಟಿದ್ದೇನೆ. ಹಳೇಬೀಡಿನಿಂದ ದೂರವಿಲ್ಲ. ತೆಂಗು, ಗದ್ದೆ, ಹಸು ಇರುವ ಮನೆ. ಅಳಿಯ ಹಾಲು ಕರೆಯುವ ಹೊತ್ತು ತಪ್ಪಿಸದ ಮನುಷ್ಯ. ಅವರಿಗೆ ಒಬ್ಬನೇ ಮಗ. ರಜೆ ಬಂದರೆ ಮೊಮ್ಮಗ ಅರಸೀಕೆರೆಗೆ ಬಂದು ಮಂಡಿಯ ಗೋಣಿಚೀಲಗಳ ಮೇಲೆ ಕೂರುತ್ತಿದ್ದ. ಈಗ ಮಂಡಿಯಲ್ಲಿ ಟವೆಲ್ ವ್ಯಾಪಾರ ಎಲ್ಲಿದೆ, ದರವೆಲ್ಲ ಫೋನಿನಲ್ಲೇ ಬರುತ್ತದೆ. ಆದರೂ ನನ್ನ ಬೆರಳಿಗೆ ತುರಿಕೆ. ಅವನ ಜೊತೆ ಆಟಕ್ಕೆ ಟವೆಲ್ ಹಾಕಿ ಕೂರುತ್ತಿದ್ದೆ. ಕೊಬ್ಬರಿ ಮಿಠಾಯಿ ಎಷ್ಟು ತುಂಡು ಅನ್ನುವುದೇ ವ್ಯಾಪಾರ. ಮೊದಮೊದಲು ಅವನು ಆಸೆ ತಡೆಯಲಾರದೆ ಬೇಗ ಒತ್ತಿಬಿಡುತ್ತಿದ್ದ, ನಾನು ಗೆಲ್ಲುತ್ತಿದ್ದೆ. ಆಮೇಲಾಮೇಲೆ ಕಲ್ಲಿನ ಬಸವನ ಹಾಗೆ ಮುಖ ಮಾಡಿಕೊಂಡು ಕೂರಲು ಕಲಿತ. ಮಿಠಾಯಿಯೆಲ್ಲ ಅವನ ಪಾಲಾಯಿತು. ನನಗೆ ಬಲು ಹೆಮ್ಮೆ.

ಆ ಹುಡುಗನಿಗೆ ಹೊಟ್ಟೆ ಕಟ್ಟುವ ಕಾಯಿಲೆ.

ಇದನ್ನು ಕೇಳಿ ನಕ್ಕವರಿದ್ದಾರೆ. ಮಕ್ಕಳಿಗೆ ಹೊಟ್ಟೆ ಕಟ್ಟುವುದೂ ಒಂದು ಕಾಯಿಲೆಯೇ ಅಂತ. ವಾರಗಟ್ಟಲೆ ಎರಡಕ್ಕೆ ಹೋಗದ ಮಗುವನ್ನು ಅವರು ನೋಡಿಲ್ಲ. ಹೊಟ್ಟೆ ತಮಟೆಯ ಹಾಗೆ ಬಿಗಿದಿರುತ್ತಿತ್ತು. ಬರುವ ಹಾಗಾದರೆ ಬಾಗಿಲ ಹಿಂದೆ ನಿಂತು, ಕಾಲು ಹೊಸೆದು, ಬೆವರಿ, ಮತ್ತೆ ಒಳಗೇ ತಡೆದುಕೊಳ್ಳುತ್ತಿದ್ದ. ಅವನು ತಿಣುಕುತ್ತಿದ್ದಾನೆ ಅಂತ ನಾವು ತಿಳಿದಿದ್ದೆವು, ಅವನು ಮಾಡುತ್ತಿದ್ದದ್ದು ತಡೆಯುವ ಕೆಲಸ. ಮನೆಯಲ್ಲಿ ಹರಳೆಣ್ಣೆ ಆಯಿತು, ಬಿಸಿನೀರು ಆಯಿತು, ಬಾಳೆಹಣ್ಣು ಆಯಿತು. ಬೇಲೂರಿನಲ್ಲಿ ಒಬ್ಬರು ಕೊಟ್ಟ ಸಿರಪ್ಪನ್ನು ನಾಲ್ಕು ದಿನ ಕುಡಿಸಿ, ಸರಿಹೋಯಿತೆಂದು ಬಿಟ್ಟೆವು. ಸರಿಹೋಗಿರಲಿಲ್ಲ.

ಒಂದನೇ ಕ್ಲಾಸಿಗೆ ಹೋಗುವ ಹೊತ್ತಿಗೆ ಇನ್ನೊಂದು ಶುರುವಾಯಿತು. ಗೊತ್ತಿಲ್ಲದೆ ಚಡ್ಡಿಯಲ್ಲಿ ಸ್ವಲ್ಪ ಸ್ವಲ್ಪ ಸೋರುವುದು. ಬೆಂಚಿನಲ್ಲಿ ಪಕ್ಕದ ಮಕ್ಕಳು ದೂರ ಸರಿದು ಕೂತರಂತೆ. ಮೇಡಂ ನನ್ನ ಮಗಳನ್ನು ಕರೆಸಿ, ಬಯ್ಯಲಿಲ್ಲ ಪಾಪ, ದೊಡ್ಡ ಡಾಕ್ಟರಿಗೆ ತೋರಿಸಿ ಅಂದರು. ಮಗಳು ಅಲ್ಲಿಂದಲೇ ನನಗೆ ಫೋನ್ ಮಾಡಿದಳು. ಅವಳ ಅತ್ತೆ ಹುಡುಗನಿಗೆ ಸೊಕ್ಕು ಅಂದಿದ್ದರಂತೆ, ನಾನೂ ಫೋನಿನಲ್ಲಿ ಹಾಗೇ ಏನೋ ಅಂದೆ. ಸೊಕ್ಕಲ್ಲ ಅಂತ ತಿಳಿದದ್ದು ಆಮೇಲೆ. ಒಳಗೆ ಗಟ್ಟಿಯಾಗಿ ಕಟ್ಟಿಕೊಂಡಾಗ ಅದರ ಸುತ್ತ ತೆಳ್ಳಗಿನದು ತಾನಾಗಿ ಜಾರಿ ಬರುತ್ತದಂತೆ, ಮಗುವಿಗೆ ಅದರ ಸುಳಿವೇ ಸಿಗುವುದಿಲ್ಲವಂತೆ. ಓದುವವರ ಮನೆಯಲ್ಲಿ ಇಂಥ ಮಗುವಿದ್ದರೆ ಮೊದಲು ಬಯ್ಯುವುದನ್ನು ನಿಲ್ಲಿಸಿ. ಇದಕ್ಕೆ ಖರ್ಚೇನೂ ಇಲ್ಲ.

ಹಾಸನದ ಮಕ್ಕಳ ಡಾಕ್ಟರು ಹೊಟ್ಟೆ ಒತ್ತಿ ನೋಡಿ, ಮಗಳನ್ನು ಒಂದು ಪ್ರಶ್ನೆ ಕೇಳಿದರು. ಹಸುಗೂಸುಗಳು ಮೊದಲು ಹೋಗುವ ಕಪ್ಪು ಮಲವನ್ನು ಮಗು ಹುಟ್ಟಿದ ಮೊದಲ ದಿನವೇ ಹೋಗಿತ್ತಾ ಅಂತ. ಮಗಳಿಗೆ ನೆನಪಿಲ್ಲ. ಹೆರಿಗೆಯಾಗಿ ಅವಳಿಗೇ ಎಚ್ಚರವಿರಲಿಲ್ಲ. ಮಗುವನ್ನು ನೋಡಿಕೊಂಡವಳು ನನ್ನ ಹೆಂಡತಿ, ಅವಳು ತೀರಿಕೊಂಡು ಎರಡು ವರ್ಷ. ಒಂದು ಬಟ್ಟೆ ಬದಲಿಸಿದ ನೆನಪು ಅವಳ ಜೊತೆ ಹೋಗಿತ್ತು, ಕೇಳಲು ಯಾರೂ ಉಳಿದಿರಲಿಲ್ಲ. ಅಲ್ಲಿ ಕೂತು ನನಗೆ ಅವಳು ಇಲ್ಲದ್ದು ಹೊಸದಾಗಿ ಗೊತ್ತಾಯಿತು.

ಡಾಕ್ಟರು ಬಿಡಿಸಿ ಹೇಳಿದರು. ಕೆಲವು ಮಕ್ಕಳಿಗೆ ಹುಟ್ಟುತ್ತಲೇ ಕರುಳಿನ ಕೊನೆಯ ಭಾಗದಲ್ಲಿ ನರಗಳಿರುವುದಿಲ್ಲ. ಅಲ್ಲಿ ಕರುಳು ಸಡಿಲವಾಗುವುದೇ ಇಲ್ಲ, ಎಲ್ಲ ಹಿಂದೆ ಕಟ್ಟಿಕೊಳ್ಳುತ್ತದೆ. ಅಂಥವರಿಗೆ ಆಪರೇಷನ್ ಮಾಡಿ ಆ ತುಂಡನ್ನು ತೆಗೆಯಬೇಕು. ಕೆಲವೊಮ್ಮೆ ಸ್ವಲ್ಪ ಕಾಲ ಹೊಟ್ಟೆಯ ಮೇಲೆ ಚೀಲ ಇಡಬೇಕು. ಹೆಚ್ಚಿನ ಮಕ್ಕಳಿಗೆ ಆ ತೊಂದರೆ ಇರುವುದಿಲ್ಲ, ಇವನಿಗೂ ಇರಲಿಕ್ಕಿಲ್ಲ, ಆದರೆ ಗೊತ್ತು ಮಾಡಿಕೊಳ್ಳದೆ ಬಿಡುವ ಹಾಗಿಲ್ಲ ಅಂತ ಬೆಂಗಳೂರಿನ ಒಂದು ಮಕ್ಕಳ ಆಸ್ಪತ್ರೆಗೆ ಕಳಿಸಿದರು. ಮಗಳ ಕಿವಿಯಲ್ಲಿ ಉಳಿದದ್ದು ಚೀಲ ಅನ್ನುವ ಒಂದೇ ಮಾತು. ದಾರಿಯುದ್ದಕ್ಕೂ ಮಗನ ಅಂಗಿಯನ್ನು ಹೊಟ್ಟೆಯ ಮೇಲೆ ಎಳೆದು ಎಳೆದು ಸರಿ ಮಾಡುತ್ತಿದ್ದಳು.

ಅಳಿಯನಿಗೆ ಹಸುಗಳನ್ನು ಬಿಟ್ಟು ಬರಲಾಗಲಿಲ್ಲ. ಅರಸೀಕೆರೆಯಿಂದ ರೈಲಿನಲ್ಲಿ ನಾವು ಮೂವರೇ ಹೋದೆವು. ನರಗಳಿವೆಯೇ ಅಂತ ಪರೀಕ್ಷೆ ಮಾಡುವ ಡಾಕ್ಟರು ಹೆಂಗಸು, ನನ್ನ ಮಗಳಿಗಿಂತ ಸ್ವಲ್ಪ ದೊಡ್ಡವರಿರಬಹುದು. ನಾನು ನನ್ನ ಬುದ್ಧಿ ಬಿಡಲಿಲ್ಲ. ಹೋದ ಕೂಡಲೇ, ಎರಡು ಪರೀಕ್ಷೆ ಬರೆದಿದ್ದೀರಲ್ಲ, ಒಂದರಲ್ಲಿ ಮುಗಿಸಿಕೊಡಿ ಅಂತ ಶುರು ಮಾಡಿದೆ. ಡಾಕ್ಟರಮ್ಮ ನಕ್ಕು, ಎರಡೂ ಒಂದೇ ಟ್ಯೂಬಿನಲ್ಲಿ ಆಗುತ್ತೆ ಯಜಮಾನ್ರೇ, ನೀವು ಕೇಳೋಕೆ ಮುಂಚೇನೇ ಬಿಟ್ಟುಕೊಟ್ಟಿದ್ದೀನಿ ಅಂದರು. ಮಗಳು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು. ಎಷ್ಟೋ ದಿನದ ಮೇಲೆ ಅವಳು ನಕ್ಕದ್ದು.

ಪರೀಕ್ಷೆ ಏನೆಂದು ಸರಳವಾಗಿ ಹೇಳುತ್ತೇನೆ, ಹೆದರಿ ತಪ್ಪಿಸಿಕೊಳ್ಳುವವರಿಗೆ ಉಪಯೋಗಕ್ಕೆ ಬಂದೀತು. ಬೆಳಿಗ್ಗೆ ಎನಿಮಾ ಕೊಟ್ಟು ಒಳಗೆ ಖಾಲಿ ಮಾಡುತ್ತಾರೆ. ಮಗುವನ್ನು ಮಗ್ಗುಲಾಗಿ ಮಲಗಿಸಿ, ಹಿಂದಿನಿಂದ ಒಂದು ತೆಳು ಕೊಳವೆ ಸೇರಿಸುತ್ತಾರೆ. ಕೊಯ್ಯುವುದಿಲ್ಲ, ಚುಚ್ಚುವುದಿಲ್ಲ. ಕೊಳವೆಯ ತುದಿಯಲ್ಲಿ ಪುಟ್ಟ ಬಲೂನು. ಅದಕ್ಕೆ ಗಾಳಿ ಬಿಟ್ಟಾಗ, ಒಳಗಿನ ಸ್ನಾಯು ಮಲ ಬಂತೆಂದು ತಿಳಿದು ತಾನಾಗಿ ಸಡಿಲವಾಗಬೇಕು. ಒಳಗಿನ ಬಿಗಿ ಕಂಪ್ಯೂಟರಿನಲ್ಲಿ ಗೆರೆಯಾಗಿ ಕಾಣುತ್ತದೆ, ಆ ಗೆರೆ ಕೆಳಗಿಳಿದರೆ ನರಗಳಿವೆ ಅಂತ ಅರ್ಥ, ಆಪರೇಷನ್ ಬೇಡ. ಇದು ಮೊದಲನೆಯದು. ಎರಡನೆಯದಕ್ಕೆ ಮಗುವೇ ಹೇಳಬೇಕು. ಬಲೂನು ಹಿಗ್ಗುತ್ತಾ ಹೋದಾಗ ಯಾವಾಗ ಏನೋ ಇದೆ ಅನ್ನಿಸಿತು, ಯಾವಾಗ ಹೋಗಬೇಕು ಅನ್ನಿಸಿತು, ಯಾವಾಗ ತಡೆಯಲಾಗಲಿಲ್ಲ ಅಂತ.

ಕೊಳವೆ ಸೇರಿತು. ಅವನು ಅಳಲಿಲ್ಲ. ಆದರೆ ಮೈಯೆಲ್ಲ ಹುರಿ ಹಗ್ಗದ ಹಾಗೆ ಬಿಗಿದುಕೊಂಡ. ಗೆರೆಗಳು ಮೇಲೆ ಕೆಳಗೆ ಹಾರತೊಡಗಿದವು. ಬಲೂನಿಗೆ ಗಾಳಿ ಬಿಟ್ಟರೆ ಇನ್ನೂ ಬಿಗಿ. ಡಾಕ್ಟರು ಕಾದರು, ಹಾಡು ಹಾಕಿಸಿದರು, ಮೊಬೈಲಿನಲ್ಲಿ ಗೊಂಬೆ ಆಟ ತೋರಿಸಿದರು. ಹೀಗೇ ಆದರೆ ಏನೂ ಓದಲಾಗುವುದಿಲ್ಲ, ಇನ್ನೊಂದು ದಿನ ನಿದ್ದೆ ಔಷಧಿ ಕೊಟ್ಟು ಮಾಡಬೇಕು, ಆಗಲೂ ಗೊತ್ತಾಗದಿದ್ದರೆ ಒಳಗಿನಿಂದ ಚೂರು ಮಾಂಸ ತೆಗೆದು ನೋಡಬೇಕು ಅಂತ ಮಗಳಿಗೆ ಮೆಲ್ಲಗೆ ಹೇಳಿದರು. ಮೆಲ್ಲಗೆ ಹೇಳಿದರೂ ಅವಳ ಬಣ್ಣ ಹೋಯಿತು.

ನನಗೆ ಗೊತ್ತಿರುವುದು ಒಂದೇ ವಿದ್ಯೆ. ತಲೆಯ ಹತ್ತಿರ ಹೋಗಿ ಶುರು ಮಾಡಿದೆ. ಸಡಿಲ ಬಿಟ್ಟರೆ ಸೈಕಲ್ ಕೊಡಿಸುತ್ತೇನೆ ಅಂದೆ. ಗೇರಿಂದಾ ಅಂದ. ಆಗಲಿ ಅಂದೆ. ಕರೂ ಬೇಕು, ನನಗೇ ಅಂತ, ಅಪ್ಪ ಮಾರಬಾರದು ಅಂದ. ಅದೂ ಆಗಲಿ ಅಂದೆ. ಅವನು ಪಟ್ಟಿ ಬೆಳೆಸಿಕೊಂಡು ಹೋದ, ಮೈ ಮಾತ್ರ ಒಂದಿಷ್ಟೂ ಬಿಡಲಿಲ್ಲ. ಕೊನೆಗೆ ಮಗಳು ಹೇಳಿದಳು.

"ಅಪ್ಪ, ನಿನ್ ವ್ಯಾಪಾರ ನಿಲ್ಸು. ಅವ್ನು ನಿನ್ನೇ ಮಾರ್ಕೊಂಡ್ ಬತ್ತಾನೆ."

ಆಗ ಅವನು ಹೊದಿಕೆಯೊಳಗಿಂದ ಕೈ ಚಾಚಿದ. ನನ್ನ ಹೆಗಲ ಮೇಲಿನ ಟವೆಲನ್ನು ಎಳೆದು ತನ್ನ ಕೈಯ ಮೇಲೆ ಹಾಕಿಕೊಂಡ. ನಾನು ಅದರ ಕೆಳಗೆ ಕೈ ಇಟ್ಟೆ. ನನ್ನ ತೋರುಬೆರಳನ್ನು ಹಿಡಿದುಕೊಂಡ.

ಮುಖ ಬದಲಾಯಿತು. ಕಲ್ಲಿನ ಬಸವನ ಮುಖ ಬಂತು. ಹುಬ್ಬು ಇಳಿಯಿತು, ತುಟಿ ಸಡಿಲವಾಯಿತು, ಉಸಿರು ನಿಧಾನವಾಯಿತು. ಮಂಡಿಯಲ್ಲಿ ಗೋಣಿಚೀಲದ ಮೇಲೆ ಕೂತಾಗಿನ ಅಭ್ಯಾಸ. ಟವೆಲ್ ಬಿದ್ದ ಮೇಲೆ ಎದುರಿನವನಿಗೆ ಏನೂ ತೋರಿಸಬಾರದು ಅಂತ ನಾನೇ ತಿದ್ದಿದ್ದೆ. ಗೆರೆಗಳು ಒಂದೊಂದಾಗಿ ತಣ್ಣಗಾದವು. ಡಾಕ್ಟರು ಕೈಸನ್ನೆಯಲ್ಲೇ ಎಲ್ಲರನ್ನೂ ಸುಮ್ಮನಿರಿಸಿ ಗಾಳಿ ಬಿಟ್ಟರು. ಒಂದು ಗೆರೆ ಕೆಳಗೆ ಜಾರಿ ಮತ್ತೆ ಮೇಲಕ್ಕೆ ಬಂದ ಹಾಗೆ ನನಗೆ ಕಂಡಿತು. ನನ್ನ ಕಣ್ಣು ನಂಬುವಂಥದ್ದಲ್ಲ. ಡಾಕ್ಟರಮ್ಮ ಇನ್ನೊಮ್ಮೆ ನೋಡಬೇಕು ಅಂದರು. ಅವರ ಮುಖವೂ ಸಂತೆಯ ಮುಖವೇ.

ಎರಡನೆಯದನ್ನೂ ಟವೆಲಿನಲ್ಲೇ ಮಾಡೋಣ ಅಂದದ್ದು ಡಾಕ್ಟರೇ. ಅವನಿಗೆ ಆ ಮಾತುಗಳನ್ನು ಬಾಯಿಬಿಟ್ಟು ಹೇಳಲು ನಾಚಿಕೆ, ಕೇಳಿದರೆ ಗೋಡೆ ನೋಡುತ್ತಿದ್ದ. ಏನೋ ಇದೆ ಅನ್ನಿಸಿದರೆ ತಾತನ ಒಂದು ಬೆರಳು ಒತ್ತು, ಹೋಗಬೇಕು ಅನ್ನಿಸಿದರೆ ಎರಡು, ತಡೆಯೋಕಾಗದಿದ್ದರೆ ಇಡೀ ಕೈ ಅಂತ ಹೇಳಿಕೊಟ್ಟರು. ಅವನು ತಲೆಯಾಡಿಸಿದ. ಗಾಳಿ ಬಿಟ್ಟರು. ಬೆರಳು ಸುಮ್ಮನಿತ್ತು. ಇನ್ನಷ್ಟು ಬಿಟ್ಟರು. ಸುಮ್ಮನೆ. ಮತ್ತಷ್ಟು. ಅವನ ಮುಖದಲ್ಲಿ ಇರುವೆ ಹರಿದಷ್ಟೂ ಅಲುಗಾಟವಿಲ್ಲ. ಮಗಳು ಡಾಕ್ಟರ ಮುಖ ನೋಡಿದಳು. ಇವನಿಗೆ ಒಳಗೆ ಏನೂ ತಿಳಿಯುವುದೇ ಇಲ್ಲವೇನೋ ಅಂತ ನನಗೂ ಅನ್ನಿಸಿತು.

ಡಾಕ್ಟರು ಗಾಳಿ ನಿಲ್ಲಿಸಿ ನನ್ನ ಕಡೆ ತಿರುಗಿದರು.

"ಕೈ ಸುಮ್ಮನಿದೆ. ಆದರೆ ಒಳಗೆ ಆಗಲೇ ಬಿಗಿ ಹಿಡಿದಿದ್ದಾನೆ, ಇಲ್ಲಿ ಗೆರೆ ಮೇಲೆ ಹೋಗಿದೆ ನೋಡಿ. ಅವನಿಗೆ ಗೊತ್ತಾಗಿದೆ, ಹೇಳ್ತಿಲ್ಲ. ಈ ಟವೆಲ್ ಆಟದ ರೂಲ್ಸು ಏನು?"

ನನಗೆ ಹೊಳೆದದ್ದು ಆಗ. ಈ ಟವೆಲಿನ ಕೆಳಗೆ ಮೊದಲು ಒತ್ತಿದವನು ಸೋಲುತ್ತಾನೆ. ಹುಡುಗ ಸುಳ್ಳು ಹೇಳುತ್ತಿರಲಿಲ್ಲ, ಚೆನ್ನಾಗಿ ಆಡುತ್ತಿದ್ದ. ಬಲೂನಿನ ಜೊತೆ ಚೌಕಾಸಿ ನಡೆಸಿದ್ದ. ಡಾಕ್ಟರಿಗೆ ವಿಷಯ ಹೇಳಿದೆ. ಕೊಳವೆ ಹಿಡಿದಿದ್ದ ನರ್ಸಮ್ಮನಿಗೆ ನಗು ತಡೆಯಲಾಗಲಿಲ್ಲ. ಡಾಕ್ಟರು ನಗಲಿಲ್ಲ. ಹಾಗಾದರೆ ರೂಲ್ಸ್ ಬದಲಾಯಿಸೋದೂ ನೀವೇ ಅಂದರು.

ನಾನು ಬಗ್ಗಿ ಅವನ ಕಿವಿಯಲ್ಲಿ ಹೇಳಿದೆ.

"ಲೋ, ಇವತ್ತು ವ್ಯಾಪಾರ ಇಲ್ಲ ಕಣೋ. ಅನ್ನಿಸಿದ ತಕ್ಷಣ ಒತ್ಬುಡು."

"ಹಂಗಾದ್ರೆ ಸೋತೋಯ್ತೀನಲ್ಲ ತಾತ."

"ಇವತ್ತು ಮೊದ್ಲು ಒತ್ತಿದೋನೇ ಗೆದ್ದೋನು."

ಅವನು ನನ್ನನ್ನು ಅನುಮಾನದಿಂದ ನೋಡಿದ. ನಾನೂ ಅವನನ್ನು ಬೇಕಾದಷ್ಟು ಸಲ ಏಮಾರಿಸಿದ್ದೇನೆ, ನಂಬಲು ಅವನಿಗೇನು ಕಾರಣ? ಮಿಠಾಯಿ ಎಷ್ಟು ಅಂತ ಕೇಳಿದ. ಮಿಠಾಯಿ ಇಲ್ಲ, ಸುಮ್ಮನೆ ಅಂದೆ. ಯಾಕೋ ಅದು ಅವನಿಗೆ ಒಪ್ಪಿಗೆಯಾಯಿತು. ಮತ್ತೆ ಗಾಳಿ ಬಿಟ್ಟರು. ಸ್ವಲ್ಪ ಹೊತ್ತಾಯಿತು. ಟವೆಲಿನಡಿಯಲ್ಲಿ ನನ್ನ ಬೆರಳನ್ನು ಒತ್ತಿದ.

ನಾನು ಸಂತೆಯಲ್ಲಿ ಹಿಡಿದ ಕೈಗಳಿಗೆ ಲೆಕ್ಕವಿಲ್ಲ. ಮಣ್ಣಿನ ಕೈ, ಗೊರಸಿನಂಥ ಕೈ, ಬೆವರಿನ ಕೈ. ಅವರಲ್ಲಿ ಯಾರೂ ನನಗೆ ತಮ್ಮ ನಿಜವನ್ನು ಮೊದಲೇ ಕೊಟ್ಟಿರಲಿಲ್ಲ. ನಾನೂ ಕೊಟ್ಟಿರಲಿಲ್ಲ. ಆ ಒತ್ತಿಗೆ ನನ್ನ ಕಣ್ಣು ತುಂಬಿಕೊಂಡಿತು. ಅವನು ನೋಡಬಾರದೆಂದು ಗೋಡೆಯ ಕಡೆ ತಿರುಗಿದೆ, ಬೆರಳು ಮಾತ್ರ ಬಿಡಲಿಲ್ಲ. ಸ್ವಲ್ಪ ಹೊತ್ತಿಗೆ ಎರಡು ಬೆರಳು ಒತ್ತಿದ, ಆಮೇಲೆ ಇಡೀ ಕೈ.

ಕೊಳವೆ ತೆಗೆದು, ಒರೆಸಿ, ಅವನಿಗೆ ಚಡ್ಡಿ ಹಾಕಿ ಕೂರಿಸಿದ ಮೇಲೆ ಡಾಕ್ಟರು ನಮ್ಮನ್ನು ಗೆರೆಗಳ ಮುಂದೆ ನಿಲ್ಲಿಸಿದರು. ಮೊದಲ ಸಲ ಕಂಡ ಇಳಿತ ನಿಜವಾದದ್ದೇ. ಎರಡನೆಯ ಸಲವೂ, ಮೂರನೆಯ ಸಲವೂ ಬಂದಿದೆ.

"ನರ ಇವೆ. ಆಪರೇಷನ್ ಬೇಡ, ಚೀಲ ಬೇಡ."

ಮಗಳು ಕುರ್ಚಿಯಲ್ಲಿ ಕೂತುಬಿಟ್ಟಳು. ನನಗೆ ಕೈ ಮುಗಿಯಬೇಕೆನ್ನಿಸಿತು, ಮುಗಿದೆ. ಡಾಕ್ಟರಮ್ಮ ನನ್ನ ಕೈ ಬಿಡಿಸಿ ಮುಂದಿನದನ್ನು ಹೇಳಲು ಶುರು ಮಾಡಿದರು. ಅವರಿಗೆ ಕೆಲಸ ಮುಗಿದಿರಲಿಲ್ಲ.

ಅವರು ಹೇಳಿದ್ದರ ತಾತ್ಪರ್ಯ ಇಷ್ಟು. ಎಂದೋ ಒಂದು ಸಲ ಗಟ್ಟಿಯಾಗಿ ಹೋಗಿ ನೋವಾಗಿದೆ. ಮತ್ತೆ ನೋವಾಗುತ್ತದೆಂದು ತಡೆದಿದ್ದಾನೆ. ತಡೆದಷ್ಟೂ ಗಟ್ಟಿ, ಗಟ್ಟಿಯಾದಷ್ಟೂ ನೋವು. ಕರುಳು ಹಿಗ್ಗಿ ಹಿಗ್ಗಿ ಒಳಗೆ ಚೀಲದ ಹಾಗಾಗಿದೆ, ಅದಕ್ಕೇ ಬೇರೆ ಮಕ್ಕಳಿಗಿಂತ ತಡವಾಗಿ ತಿಳಿಯುತ್ತದೆ. ಆದರೆ ತಿಳಿಯುತ್ತದೆ. ಅದು ಗೊತ್ತಾದದ್ದು ಎರಡನೆಯ ಪರೀಕ್ಷೆಯಲ್ಲಿ. ಅವನ ಬೆರಳು ಕೊನೆಯವರೆಗೂ ಸುಮ್ಮನಿದ್ದಿದ್ದರೆ, ಏನೂ ತಿಳಿಯದ ಮಗು ಅಂತ ಬರೆದುಕೊಂಡು ಬೇರೆ ದಾರಿ ಹಿಡಿಯಬೇಕಾಗಿತ್ತು ಅಂದರು. ಇನ್ನೊಂದು ಸಂಗತಿಯೂ ಗೆರೆಯಲ್ಲಿ ಸಿಕ್ಕಿತು. ಕೊಳವೆ ತೆಗೆಯುವ ಮುಂಚೆ ತಿಣುಕು ಅಂದಾಗ ಅವನು ಹಿಂದಿನ ಬಾಗಿಲು ತೆರೆಯುವ ಬದಲು ಮುಚ್ಚುತ್ತಿದ್ದ. ಇಷ್ಟು ವರ್ಷ ಮುಚ್ಚುವುದನ್ನೇ ಕಲಿತಿದ್ದ, ತೆರೆಯುವುದನ್ನು ಈಗ ಕಲಿಯಬೇಕು.

ಈಗ ನನ್ನ ಉಪದೇಶ. ಕೇಳಿಸಿಕೊಳ್ಳಿ, ಪುಕ್ಕಟೆ. ಡಾಕ್ಟರು ಬರೆದ ಪುಡಿಯನ್ನು ನೀರಿನಲ್ಲಿ ಕದಡಿ ತಿಂಗಳುಗಟ್ಟಲೆ ಕೊಡಬೇಕು. ನಾಲ್ಕು ದಿನ ಚೆನ್ನಾಗಿ ಹೋಯಿತೆಂದು ನಾವು ಬೇಲೂರಿನ ಸಿರಪ್ಪಿಗೆ ಮಾಡಿದ ಹಾಗೆ ನಿಲ್ಲಿಸಬಾರದು, ನಿಲ್ಲಿಸುವ ಮಾತು ಡಾಕ್ಟರದ್ದು. ಊಟವಾದ ಮೇಲೆ ಮಗುವನ್ನು ಸ್ವಲ್ಪ ಹೊತ್ತು ಕೂರಿಸಬೇಕು, ಬರಲಿ ಬಿಡಲಿ. ಕಮೋಡಾದರೆ ಕಾಲು ನೇತಾಡಬಾರದು, ಕೆಳಗೊಂದು ಮಣೆ ಇಡಿ. ಮನೆಯಲ್ಲಿ ಕೊಟ್ಟ ಹರಳೆಣ್ಣೆ, ಕಷಾಯ ಏನೇ ಇರಲಿ, ಡಾಕ್ಟರ ಹತ್ತಿರ ಬಚ್ಚಿಡಬೇಡಿ. ನಾವು ಮಾಲು ತೋರಿಸುವಾಗ ಒಳ್ಳೆಯದನ್ನು ಮೇಲೆ ಹರಡುವವರು. ಆಸ್ಪತ್ರೆಯಲ್ಲಿ ಆ ಬುದ್ಧಿ ಬೇಡ. ನನ್ನ ಮೊಮ್ಮಗ ಕೂತಾಗ ಪೀಪಿ ಊದಬೇಕು ಅಂತ ಹೇಳಿದ್ದಾರೆ, ಊದಿದರೆ ಮುಚ್ಚಿಕೊಳ್ಳಲಾಗುವುದಿಲ್ಲವಂತೆ. ಮಾದಿಹಳ್ಳಿಯ ಆ ಬೀದಿಯವರಿಗೆಲ್ಲ ಈಗ ಪೀಪಿ ಸದ್ದು ಕೇಳಿದರೆ ವಿಷಯ ಗೊತ್ತು. ಅವನ ಅಜ್ಜಿ, ಅಂದರೆ ಮಗಳ ಅತ್ತೆ, ಮೊದಲು ಮುಖ ಸಿಂಡರಿಸಿದವರು, ಸದ್ದು ತಡವಾದರೆ ಈಗ ಅವರೇ ಬಂದು ಯಾಕೋ ಇನ್ನೂ ಊದಿಲ್ಲ ಅಂತ ವಿಚಾರಿಸುತ್ತಾರೆ. ಸ್ಕೂಲಿನ ಮೇಡಂ ತಮ್ಮ ಟಾಯ್ಲೆಟ್ಟಿಗೆ ಅವನನ್ನು ಬಿಟ್ಟುಕೊಂಡರು, ಕೇಳದೆಯೇ. ಅವರ ಋಣ ದೊಡ್ಡದು.

ಒಂದೇ ಸಲಕ್ಕೆ ಎಲ್ಲ ನೆಟ್ಟಗಾಗಲಿಲ್ಲ. ನಡುವೆ ಜ್ವರ ಬಂದಾಗ ಮತ್ತೆ ಕಟ್ಟಿಕೊಂಡಿತು, ಮತ್ತೆ ಸೋರಿತು, ಮಗಳು ಮತ್ತೆ ಅತ್ತಳು. ಫೋನಿನಲ್ಲಿ ಡಾಕ್ಟರು ಪುಡಿ ಹೆಚ್ಚಿಸಿದರು. ಹೀಗೆ ಏಳುತ್ತಾ ಬೀಳುತ್ತಾ ವರ್ಷವಾಗುತ್ತಾ ಬಂತು. ಬೆಂಚಿನಲ್ಲಿ ಅವನ ಪಕ್ಕ ಈಗ ಇಬ್ಬರು ಕೂರುತ್ತಾರಂತೆ. ಸೈಕಲ್ ಬಂದಿದೆ. ಕರುವನ್ನೂ ಕೊಟ್ಟಿದ್ದೇವೆ, ಅಳಿಯ ಅದನ್ನು ಮಾರುವ ಹಾಗಿಲ್ಲ.

ಕಳೆದ ದಸರಾ ರಜೆಗೆ ಅವನನ್ನು ಕರೆದುಕೊಂಡು ಬರಲು ನಾನೇ ಹೋಗಿದ್ದೆ. ಹಳೇಬೀಡಿನಲ್ಲಿ ಬಸ್ಸು ಹತ್ತಿದೆವು. ಜನ ತುಂಬಿತ್ತು. ಅವನನ್ನು ತೊಡೆಯ ಮೇಲೆ ಕೂರಿಸಿಕೊಂಡಿದ್ದೆ. ಜಾವಗಲ್ ಇನ್ನೂ ಮುಂದಿತ್ತು. ಅವನು ಮಾತು ನಿಲ್ಲಿಸಿ, ನನ್ನ ಹೆಗಲಿನ ಟವೆಲನ್ನು ಎಳೆದು ನಮ್ಮ ಕೈಗಳ ಮೇಲೆ ಹಾಕಿದ. ಮಿಠಾಯಿಯ ವ್ಯಾಪಾರವೆಂದು ತಿಳಿದು ನಾನು ಮುಖ ಗಟ್ಟಿ ಮಾಡಿಕೊಂಡೆ. ಅವನು ಎರಡು ಬೆರಳು ಒತ್ತಿದ. ಸ್ವಲ್ಪವೂ ಕಾಯಿಸಲಿಲ್ಲ.

ನಾನು ಎದ್ದುನಿಂತು ಬಸ್ಸು ನಿಲ್ಲಿಸಿ ಅಂದೆ. ಕಂಡಕ್ಟರ್ ಏನ್ ಯಜಮಾನ್ರೇ, ಇಲ್ಲಿ ಸ್ಟಾಪಿಲ್ಲ ಅಂದ. ಅವನ ಜೊತೆ ಚೌಕಾಸಿ ಮಾಡಲಿಲ್ಲ. ಮಗುವಿಗೆ ಹೋಗಬೇಕು, ಇಳಿಸಿ ಅಂದೆ ಅಷ್ಟೆ. ಡ್ರೈವರ್ ಗೊಣಗುತ್ತಾ ಒಂದು ಟೀ ಅಂಗಡಿಯ ಮುಂದೆ ನಿಲ್ಲಿಸಿದ. ಅಂಗಡಿಯ ಹೆಂಗಸು ಹಿತ್ತಲಿನ ಕಡೆ ಕೈ ತೋರಿಸಿ ಚೊಂಬು ಕೊಟ್ಟಳು. ಜೇಬಿನಲ್ಲಿ ಪೀಪಿ ಇತ್ತು, ತೆಗೆದುಕೊಂಡೇ ಓಡಿದ.

ಬಸ್ಸಿನ ಜನವೆಲ್ಲ ಕಿಟಕಿಯಿಂದ ನೋಡುತ್ತಿದ್ದರು. ಹಿತ್ತಲಿನಿಂದ ಪೀಪಿಯ ಸದ್ದು ಬಂತು. ನಾನು ಟವೆಲನ್ನು ಕೊಡವಿ ಹೆಗಲಿಗೆ ಹಾಕಿಕೊಂಡು, ಅವನು ಬರುವವರೆಗೂ ಬಸ್ಸಿನ ಬಾಗಿಲ ಕಂಬಿ ಹಿಡಿದು ನಿಂತೆ.